ಯುದ್ಧನೌಕೆಗೊಂದು ಶಾಮಿಯಾನ

ಸಾಮ್ರಾಜ್ಯಗಳ ಹಣೆಬರಹ ತೀರ್ಮಾನವಾಗುವುದು ಸಮುದ್ರದ ಮೇಲೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ದಾವಣಗೆರೆಗೆ ಸಮುದ್ರವಿಲ್ಲದ ಕಾರಣ ನಮ್ಮಲ್ಲಿ ಆ ಕೆಲಸ ಕಾಲೇಜೊಂದರ ಮೇಲಿನ ಮಹಡಿಯಲ್ಲಿ, ನೀರಿನ ಫಿಲ್ಟರಿನ ಪಕ್ಕದ ಕೋಣೆಯಲ್ಲಿ ನಡೆಯಿತು. ಅದಕ್ಕೆ ನಾನು ಸಾಕ್ಷಿ. ಒಂದರ್ಥದಲ್ಲಿ ಆರೋಪಿಯೂ ಹೌದು.

ಆ ಕೋಣೆಯ ಮೇಲೆ ಇಬ್ಬರ ಕಣ್ಣಿತ್ತು. ಇತಿಹಾಸ ವಿಭಾಗದ ಮುಖ್ಯಸ್ಥೆ ಅಲ್ಲೊಂದು ಸಣ್ಣ ವಸ್ತುಸಂಗ್ರಹಾಲಯ ಮಾಡಬೇಕೆಂದಿದ್ದರು. ದೈಹಿಕ ಶಿಕ್ಷಣದ ನಿರ್ದೇಶಕರು ಅಲ್ಲಿ ಜೂಡೋ ಮ್ಯಾಟು, ಕೇರಂ ಬೋರ್ಡು, ನೆಟ್ಟು ಇಡಬೇಕೆಂದಿದ್ದರು. ಆಡಳಿತ ಮಂಡಳಿಯವರು ಇಬ್ಬರನ್ನೂ ನೋಯಿಸದಂತೆ ತೀರ್ಪು ಕೊಟ್ಟರು. ತಪಾಸಣಾ ಸಮಿತಿ ಬರುವ ದಿನ ಕೋಣೆಯಲ್ಲಿ ತೋರಿಸುವಂಥದ್ದು ಏನಾದರೂ ಇದ್ದರೆ ಅದು ಇತಿಹಾಸಕ್ಕೆ, ಇಲ್ಲದಿದ್ದರೆ ಮ್ಯಾಟಿಗೆ. ಮೇಡಂ ಬಳಿ ತೋರಿಸುವಂಥದ್ದು ಒಂದೇ ಇತ್ತು. ಅದೂ ಅವರ ತಲೆಯೊಳಗಿತ್ತು.

ಅವರು ವಯಸ್ಸಿನಲ್ಲಿ ಚಿಕ್ಕವರಿದ್ದಾಗ ಹಾಯಿ ಕಟ್ಟಿದ ಒಂದು ಸಣ್ಣ ಯುದ್ಧನೌಕೆಯ ಸೇವಾಚರಿತ್ರೆಯ ಮೇಲೆ ಡಾಕ್ಟರೇಟು ಮಾಡಿದ್ದರು. ಮನೆಯವರು ಇನ್ನೂ ಅದನ್ನು ಪೂರ್ತಿ ಕ್ಷಮಿಸಿರಲಿಲ್ಲವೆಂದು ಕಾಣುತ್ತದೆ. ಆ ನೌಕೆಯ ಮಾದರಿ ಮಾಡುವವರನ್ನು ಹುಡುಕುತ್ತಾ ಅವರು ಊರಂಚಿನ ಕರೂರು ಕೈಗಾರಿಕಾ ಪ್ರದೇಶಕ್ಕೆ ಬಂದರು. ಅಲ್ಲಿ ಪರಿಚಯದವರ ಫೌಂಡ್ರಿಯ ಒಂದು ಮೂಲೆಯಲ್ಲಿ ನನ್ನ ಬೆಂಚು ಇದೆ. ನಾನು ಪ್ಯಾಟರ್ನ್ ಮೇಕರು. ಹರಿಹರದ ಕಾರ್ಖಾನೆಯಲ್ಲಿ ಮಾಡುತ್ತಿದ್ದೆ, ಈಗ ಇಲ್ಲಿ ಮಾಡುತ್ತೇನೆ. ಪಂಪು, ಗೇರುಪೆಟ್ಟಿಗೆ ಏನೇ ಎರಕ ಹೊಯ್ಯುವುದಿದ್ದರೂ ಮೊದಲು ಅದನ್ನು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ, ತೆಗೆದು, ಅದು ಬಿಟ್ಟ ಹಳ್ಳಕ್ಕೆ ಕರಗಿದ ಲೋಹ ಸುರಿಯುತ್ತಾರೆ. ಮರ ಕೆತ್ತುವವನು ನಾನು.

“ಮೇಸ್ತ್ರಿ, ನೀವು ಹಡಗು ಮಾಡ್ತೀರೇನ್ರಿ?” ಎಂದರು ಮೇಡಂ.

“ನಾನು ಹಡಗೇ ನೋಡಿಲ್ರಿ ಮೇಡಂ.”

“ನಾನೂ ಇದನ್ನ ನೋಡಿಲ್ಲ. ಮುಳುಗಿ ಎಷ್ಟು ಕಾಲ ಆತೋ. ಡ್ರಾಯಿಂಗ್ ಐತೆ.”

ಡ್ರಾಯಿಂಗ್ ಐತೆ ಎಂದವರಿಗೆ ಇಲ್ಲ ಎನ್ನುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ. ಹಾಳೆ ಬಿಡಿಸಿದೆ. ಹಡಗಿನ ಹೆಸರು ಪರದೇಶದ ಒಂದು ಹಕ್ಕಿಯದು. ಉಚ್ಚಾರ ನಮ್ಮ ನಾಲಗೆಗೆ ಒಗ್ಗದೆ ಕೊನೆಗೆ ಎಲ್ಲರೂ ‘ಕೊಕ್ಕರೆ’ ಎಂದೇ ಕರೆದೆವು.

ಕೊಕ್ಕರೆಯ ಸೇವಾಚರಿತ್ರೆಯನ್ನು ಮೇಡಂ ಫೌಂಡ್ರಿಯ ಸದ್ದಿನಲ್ಲೇ, ಮರದ ಪೆಟ್ಟಿಗೆಯೊಂದರ ಮೇಲೆ ಕೂತು ಹೇಳಿದರು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲ. ಇದು ಇಂಗ್ಲಿಷರ ಕಡೆಯದು, ನಮ್ಮ ಪಶ್ಚಿಮ ಕರಾವಳಿಯಲ್ಲೇ ತೇಗದಲ್ಲಿ ಕಟ್ಟಿದ್ದು. ಎರಡು ಕಂಬ, ಎರಡು ಬದಿಗೂ ಸಣ್ಣ ಸಣ್ಣ ತೋಪು. ಮಂಗಳೂರಿನಿಂದ ಉತ್ತರಕ್ಕೆ ಅಕ್ಕಿ, ಮೆಣಸು ಹೊತ್ತು ಹೋಗುವ ವ್ಯಾಪಾರದ ಹಡಗುಗಳಿಗೆ ಕಾವಲಾಗಿ ಹೋಗುವುದು, ಬರುವಾಗ ಟಪಾಲು ತರುವುದು, ಇದೇ ಅದರ ನಿತ್ಯದ ಕೆಲಸ. ಒಮ್ಮೆ ಇಡೀ ದಿನ ಶತ್ರುವೆಂದು ಬೆನ್ನಟ್ಟಿದ ಹಡಗು ತಮ್ಮ ಕಡೆಯದೇ ಎಂದು ಸಂಜೆ ಗೊತ್ತಾಗಿ, ಎರಡೂ ಕಡೆಯ ಕಪ್ತಾನರು ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಬೈದುಕೊಂಡರಂತೆ. ಇನ್ನೊಮ್ಮೆ ಅದು ಹಿಡಿದು ತಂದ ಶತ್ರು ದೋಣಿಯಲ್ಲಿ ತೆಂಗಿನಕಾಯಿ ಬಿಟ್ಟರೆ ಏನೂ ಇರಲಿಲ್ಲ. ಸರಿಯಾದ ಕಾದಾಟ ಎಂದು ಆದದ್ದು ಒಂದೇ ಸಲ. ಮಧ್ಯಾಹ್ನದಿಂದ ಸಂಜೆವರೆಗೆ ಫ್ರೆಂಚರ ಹಡಗೊಂದರ ಜೊತೆ ಗುಂಡು ಹಾರಿಸಿಕೊಂಡು, ಮುಂದಿನ ಕಂಬದ ಮೇಲ್ತುಂಡು ಮುರಿಸಿಕೊಂಡು, ಕತ್ತಲಾದ ಮೇಲೆ ಶತ್ರು ತನ್ನ ಪಾಡಿಗೆ ಹೋದದ್ದನ್ನು ವಿಜಯವೆಂದು ಬರೆದುಕೊಂಡಿತು. ಶತ್ರುವೂ ಹಾಗೆಯೇ ಬರೆದುಕೊಂಡಿದ್ದಾನಂತೆ.

“ಮಂಡಳಿಯೋರಿಗೆ ಆ ಕಾದಾಟ ಬೇಕಂತೆ,” ಎಂದರು ಮೇಡಂ. “ಹಾಯಿ ಪೂರ್ತಿ ಬಿಚ್ಚಿರಬೇಕು, ತೋಪು ಹೊರಗೆ ಚಾಚಿರಬೇಕು.”

“ಹೊಗೆ?”

“ಹೊಗೆ ಬ್ಯಾಡಾಂತ ನಾನೇ ಹೇಳೀನಿ.”

ನಿಜವಾದ ಒಂದಡಿಗೆ ಮಾದರಿಯಲ್ಲಿ ಅರ್ಧ ಅಂಗುಲ ಎಂದು ಲೆಕ್ಕ ಹಿಡಿದು ಕೆಲಸ ಶುರು ಮಾಡಿದೆ. ಒಡಲಿಗೆ ಶಿವನೆ ಮರ ತಂದೆ. ಹಗುರ, ಉಳಿಗೆ ಮಣಿಯುತ್ತದೆ, ಒಣಗಿದ ಮೇಲೆ ಡೊಂಕಾಗುವುದಿಲ್ಲ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಡ್ರಾಯಿಂಗಿನಿಂದ ತಗಡಿನ ಅಚ್ಚು ಕತ್ತರಿಸಿ, ಅದನ್ನು ಮರಕ್ಕೆ ಹಿಡಿದು ಹಿಡಿದು ನೋಡುತ್ತಾ ಕೆತ್ತಿದೆ. ಒಡಲನ್ನು ಎಡ ಬಲ ಎರಡು ಹೋಳಾಗಿ ಮಾಡಿ ಗೂಟದಿಂದ ಕೂಡಿಸಿದೆ. ನಮ್ಮಲ್ಲಿ ಮರಳಿನಿಂದ ಎತ್ತಲು ಹಾಗೆ ಮಾಡುತ್ತೇವೆ. ಹಡಗನ್ನು ಯಾರೂ ಮರಳಿನಿಂದ ಎತ್ತುವುದಿಲ್ಲವೆಂದು ಹೊಳೆಯುವಷ್ಟರಲ್ಲಿ ಎರಡೂ ಹೋಳು ತಯಾರಾಗಿದ್ದವು. ಇರಲಿ ಎಂದು ಅಂಟಿಸಿದೆ.

ಒಮ್ಮೆ ಮೇಡಂ ಬಂದು ಒಳಮೂಲೆಗಳ ಮೇಲೆ ಬೆರಳಾಡಿಸಿದರು. “ಇದೆಲ್ಲ ಯಾಕ ಹಿಂಗೆ ದುಂಡಗೈತೆ?”

“ಮೂಲೆ ಚೂಪಿದ್ರೆ ಎರಕ ಬಿರಿತೈತ್ರಿ.”

“ಎರಕ ಯಾರು ಹೊಯ್ತಾರೆ?”

ನಾನು ಉಳಿ ಎತ್ತಿಕೊಂಡೆ. ಮೂಲೆಗಳನ್ನು ಚೂಪು ಮಾಡಿದೆ. ಅಭ್ಯಾಸದ ಕಾಟ ಅಷ್ಟಕ್ಕೇ ಮುಗಿಯಿತೆಂದು ತಿಳಿದೆ.

ಹಾಯಿ ಹೊಲಿಯುವ ಕೆಲಸ ಹರಿಹರದ ಶಾಮಿಯಾನದ ಸಾಹೇಬರಿಗೆ ಹೋಯಿತು. ಮದುವೆ, ಉರುಸು, ಚುನಾವಣೆ ಸಭೆ ಯಾವುದಿದ್ದರೂ ಆ ಕಡೆಯ ಆಕಾಶವನ್ನು ಅವರೇ ಹೊಲಿಯುತ್ತಾರೆ. ಅವರು ಬಹಳ ನಿಧಾನಸ್ಥರು. ಡ್ರಾಯಿಂಗನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಇಷ್ಟು ಬಟ್ಟೆ ಹಾರಿಸ್ಕೊಂಡು ಲಡಾಯಿಗೆ ಹೋಗ್ತಿದ್ರಾ?”

“ಗಾಳಿಗೆ ಸಾಹೇಬ್ರೆ.”

“ನಾನು ಜಿಂದಗಿ ಪೂರಾ ಗಾಳಿ ತಡೆಯೋಕೆ ಹೊಲಿದೀನಿ. ಹಿಡಿಯೋಕೆ ಹೊಲಿ ಅಂತೀರಿ. ನೋಡಾನ, ತಗೊಳ್ರಿ.”

ಅವರು ತೆಳು ಕೋರಾ ಬಟ್ಟೆ ತಂದು, ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ನೆರಳಲ್ಲಿ ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ ಹಾಕಿದರು. ಕುಗ್ಗುವುದನ್ನು ಮೊದಲೇ ಕುಗ್ಗಿಸಿ ಆಮೇಲೆ ಅಳೆಯಬೇಕು ಎಂಬುದು ಅವರ ಕಸುಬಿನ ಕಟ್ಟಳೆ. ನನ್ನ ಕಸುಬಿನ ಕಟ್ಟಳೆ ಅದಕ್ಕೆ ಪೂರಾ ಉಲ್ಟಾ ಎನ್ನುವುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದವರು ಕೋಣೆಗೆ ಗಾಜಿನ ಪೆಟ್ಟಿಗೆ ಕೊಟ್ಟರು. ತೇಗದ ಕಟ್ಟು, ದಪ್ಪ ಗಾಜು, ಒಂದು ಬದಿಗೆ ಬಾಗಿಲು. ಡ್ರಾಯಿಂಗಿನ ಅಳತೆಗೆ ತಲೆಯ ಮೇಲೆ ಅರ್ಧ ಅಂಗುಲ, ಹಿಂದೆ ಮುಂದೆ ಅರ್ಧರ್ಧ ಅಂಗುಲ ಬಿಟ್ಟು ಮಾಡಿಸಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿ, ದಾನಿಗಳ ಹೆಸರಿನ ಹಿತ್ತಾಳೆ ಫಲಕವನ್ನೂ ಜಡಿದರು. ಒಳಗಿಡುವ ವಸ್ತು ಇನ್ನೂ ಕರೂರಿನಲ್ಲಿತ್ತು.

ಸಮಿತಿ ಬರಲು ಎರಡು ವಾರ ಇತ್ತು. ಸಾಹೇಬರು ಹಾಯಿಗಳನ್ನು ಇಸ್ತ್ರಿ ಮಾಡಿ, ಹಾಳೆಯ ನಡುವೆ ಇಟ್ಟುಕೊಂಡು, ಮದುಮಗನ ಬಟ್ಟೆ ತರುವವರಂತೆ ಬಸ್ಸಿನಲ್ಲಿ ತಂದರು. ಕಂಬ, ಅಡ್ಡಕೋಲು ಎಲ್ಲ ಸಿದ್ಧವಿತ್ತು. ದೊಡ್ಡ ಹಾಯಿಯ ಒಂದು ತುದಿ ಕಟ್ಟಿದರು. ಇನ್ನೊಂದು ತುದಿ ಕೋಲಿನ ತುದಿಯ ತೂತು ಮುಟ್ಟಲಿಲ್ಲ. ಕಿರುಬೆರಳಿನ ದಪ್ಪದಷ್ಟು ಕಡಿಮೆ.

“ಸಾಹೇಬ್ರೆ, ಗಿಡ್ಡ ಹೊಲ್ದೀರಿ.”

“ನಾನಾ? ಮೇಸ್ತ್ರಿ, ನಿಮ್ಮ ಕೋಲು ಉದ್ದ ಐತೆ.”

“ನನ್ನ ಕೋಲು ಉಕ್ಕಿನ ಸ್ಕೇಲಿನಿಂದ ಅಳೆದದ್ದು. ನಿಮ್ದು ಬಟ್ಟೆ ಟೇಪು. ಜಗ್ಗಿ ಜಗ್ಗಿ ಹಿಗ್ಗಿರ್ತೈತೆ.”

“ಟೇಪು ಹಿಗ್ಗಿದ್ರೆ ಹಾಯಿ ದೊಡ್ಡದಾಗ್ಬೇಕು, ಗಿಡ್ಡ ಹೆಂಗಾಗ್ತೈತೆ? ಲೆಕ್ಕ ಹಾಕ್ರಿ.”

ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿ ಇತ್ತು. ಅದನ್ನು ಒಪ್ಪಿಕೊಳ್ಳುವ ಬದಲು ಇಬ್ಬರೂ ರಸ್ತೆ ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಟೇಪು ಕೇಳಿದೆವು. ಅದರ ಪಕ್ಕ ಸಾಹೇಬರ ಟೇಪು ಇಟ್ಟೆವು. ಎರಡೂ ಒಂದೇ. ಆಮೇಲೆ ನನ್ನ ಸ್ಕೇಲು ಇಟ್ಟೆವು. ಅದು ಅವೆರಡರ ಜೊತೆ ಹೊರಟು, ಹೋಗುತ್ತಾ ಹೋಗುತ್ತಾ ತನ್ನದೇ ದಾರಿ ಹಿಡಿಯಿತು.

“ಇದೇನ್ರಿ, ನಿಮ್ಮ ಅಂಗುಲ ದಪ್ಪ ಐತೆ?” ಎಂದ ಅಂಗಡಿಯವ.

ಆಗ ನನ್ನ ಸ್ಕೇಲು ಯಾವುದೆಂದು ನನಗೆ ಹೊಳೆಯಿತು. ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವುದು ತಪ್ಪಲೆಂದು ನಮ್ಮವರಿಗೆ ಬೇರೆಯೇ ಸ್ಕೇಲು ಇದೆ, ಅದರ ಅಂಗುಲವೇ ದೊಡ್ಡದು. ಬೀಡುಕಬ್ಬಿಣಕ್ಕೆ ಒಂದು ಸ್ಕೇಲು, ಉಕ್ಕಿಗೆ ಇನ್ನೂ ದೊಡ್ಡ ಅಂಗುಲದ್ದು. ನನ್ನ ಕೈಯಲ್ಲಿದ್ದದ್ದು ಉಕ್ಕಿನ ಎರಕದ್ದು. ಅದರ ಮೂಲೆಯ ಗುರುತು ನನ್ನ ಹೆಬ್ಬೆರಳಿಗೇ ಸವೆದು ಹೋಗಿದೆ, ಬೆಂಚಿನ ಮೇಲೆ ಸದಾ ಅದೇ ಇರುತ್ತದೆ. ಯೋಚಿಸಿ ನೋಡಿದರೆ ನನ್ನ ಇಡೀ ಉದ್ಯೋಗದಲ್ಲಿ ನಾನು ಯಾವ ವಸ್ತುವನ್ನೂ ಅದರ ನಿಜವಾದ ಅಳತೆಗೆ ಮಾಡಿಯೇ ಇಲ್ಲ. ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ಕೊಕ್ಕರೆ ಕುಗ್ಗಲು ಸಿದ್ಧವಾಗಿ ನಿಂತಿತ್ತು. ಮರವಾದ್ದರಿಂದ ಕುಗ್ಗುವುದಿಲ್ಲ, ಅಷ್ಟೆ.

ಹಾಯಿಯದು ದೊಡ್ಡ ವಿಷಯವಲ್ಲ, ಮತ್ತೆ ಹೊಲಿಯಬಹುದು. ಗಾಜಿನ ಪೆಟ್ಟಿಗೆಯದು ಪ್ರಾಣಸಂಕಟ. ಲೆಕ್ಕ ಹಾಕಿದರೆ ಹಿಂದಿನ ಕಂಬದ ತುದಿ ಮೇಲಿನ ಗಾಜಿಗೆ ತಾಗುತ್ತಿತ್ತು, ಮೂತಿಯ ಉದ್ದ ಕೋಲು ಮುಂದಿನ ಗಾಜನ್ನು ಚುಚ್ಚುತ್ತಿತ್ತು. ಅಂಥ ಗಾಜು ಬೇರೆ ಊರಿನಿಂದ ಬರಬೇಕು, ಅಳತೆಗೆ ಕೊಯ್ಯಿಸಬೇಕು. ಎರಡು ವಾರದಲ್ಲಿ ಆಗುವ ಮಾತಲ್ಲ. ಒಡಲನ್ನು ಹೊಸದಾಗಿ ಕೆತ್ತುವುದಂತೂ ಮೊದಲೇ ಆಗದು. ಪೆಟ್ಟಿಗೆ ಖಾಲಿ ಇದ್ದರೆ ಕೋಣೆ ಹೋಯಿತು.

ಮೇಡಂ ಮನೆ ದೇವರಾಜ ಅರಸು ಬಡಾವಣೆಯಲ್ಲಿ, ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ. ಆ ನಾಲ್ಕು ರಸ್ತೆ ನಡೆಯಲು ನನಗೆ ಸಾಕಷ್ಟು ಹೊತ್ತು ಬೇಕಾಯಿತು. ಸಾಹೇಬರೂ ಬಂದರು. ನನಗೆ ಧೈರ್ಯ ಕೊಡಲು ಬಂದೆ ಎಂದರು, ತಮ್ಮ ತಪ್ಪಿಲ್ಲ ಎಂದು ಹೇಳಲು ಬಂದಿದ್ದರು.

ಮೇಡಂ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಮೇಲಾಗಿತ್ತು.

“ಇವತ್ತು ನಿರ್ದೇಶಕ್ರು ಟೇಪು ಹಿಡ್ಕೊಂಡು ಕೋಣೆ ಅಳೀತಿದ್ರು,” ಎಂದರು. “ಎಷ್ಟು ಮ್ಯಾಟು ಹಿಡಿತಾವಂತ.”

“ಅವರ ಟೇಪು ಸರಿ ಇರ್ತೈತೆ,” ಎಂದರು ಸಾಹೇಬರು. ನಾನು ಅವರ ಕಡೆ ನೋಡಲಿಲ್ಲ.

“ಮೇಡಂ, ಕಂಬದ ತುದಿ ಒಂದಿಷ್ಟು ಕತ್ತರಿಸಿಬಿಡ್ತೀನಿ,” ಎಂದೆ. “ಮೂತಿ ಕೋಲೂ ಒಂದಿಷ್ಟು. ಯಾರಿಗೂ ಗೊತ್ತಾಗಂಗಿಲ್ಲ.”

“ನನಗೆ ಗೊತ್ತಾಗ್ತೈತೆ. ಬ್ಯಾಡ್ರಿ.” ಚಹಾ ಬಂತು. ಮೇಡಂ ಕುಡಿಯುತ್ತಾ ಒಂದೇ ಸಮನೆ ನೆಲ ನೋಡಿದರು. “ಕತ್ತರಿಸ್ತಿರಲಿಲ್ಲ,” ಎಂದರು ಕೊನೆಗೆ. “ಇಳಿಸ್ತಿದ್ರು.”

“ಯಾರು?”

“ಹಡಗಿನೋರೇ. ಕಂಬ ಒಂದೇ ತುಂಡಲ್ಲ ಮೇಸ್ತ್ರಿ. ಮೇಲ್ತುಂಡು ಬ್ಯಾರೆ. ಕೀಲು ತೆಗೆದು ಕೆಳಗೆ ಜಾರಿಸ್ತಿದ್ರು. ಮೂತಿ ಕೋಲನ್ನೂ ಒಳಗೆಳ್ಕೊಂತಿದ್ರು. ಮಳೆಗಾಲದಾಗ.”

ಆಮೇಲೆ ಅವರು ಸೇವಾಚರಿತ್ರೆಯ ಉಳಿದ ಭಾಗ ಹೇಳಿದರು. ಅದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲವಂತೆ. ನಮ್ಮ ಕರಾವಳಿಯಲ್ಲಿ ಮುಂಗಾರು ಹಿಡಿಯಿತೆಂದರೆ ಆ ಸಣ್ಣ ಹಡಗುಗಳು ಸಮುದ್ರಕ್ಕೆ ಇಳಿಯುವಂತಿರಲಿಲ್ಲ, ಶತ್ರುವೂ ಇಳಿಯುವಂತಿರಲಿಲ್ಲ. ಯುದ್ಧ ಅಲ್ಲಿಗೆ ನಿಲ್ಲುತ್ತಿತ್ತು. ಕೊಕ್ಕರೆ ಪ್ರತಿ ವರ್ಷ ಮಳೆ ಮುಗಿಯುವವರೆಗೆ ಒಂದು ಅಳಿವೆಯೊಳಗೆ ಲಂಗರು ಹಾಕಿ, ಹಾಯಿ ಕಳಚಿಟ್ಟು, ಮೇಲ್ಗಂಬ ಇಳಿಸಿ, ತೋಪುಗಳ ಬಾಯಿಗೆ ಬೆಣೆ ಹೊಡೆದು ನಿಲ್ಲುತ್ತಿತ್ತು. ಡೆಕ್ಕಿನ ಮೇಲೆ ಉದ್ದಕ್ಕೂ ಬಟ್ಟೆಯ ಚಪ್ಪರ ಎಳೆದು, ಜನ ಅದರ ಕೆಳಗೆ ಹಲಗೆಯ ಸಂದಿಗೆ ನಾರು ತುರುಕುತ್ತಾ, ಹಗ್ಗ ಹೊಸೆಯುತ್ತಾ ಇರುತ್ತಿದ್ದರು. ಯುದ್ಧದ ಸೇವೆಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಅದು ಹೀಗೆಯೇ ಕಳೆದಿದೆ.

“ಬಟ್ಟೆ ಚಪ್ಪರ ಅಂದ್ರೆ?” ಎಂದರು ಸಾಹೇಬರು. ಅವರು ಅಲ್ಲಿಯವರೆಗೆ ಬಿಸ್ಕತ್ತಿನ ಕಡೆ ಗಮನ ಕೊಟ್ಟಿದ್ದರು.

“ನಡುವೆ ಹಗ್ಗ ಎಳೆದು, ಎರಡು ಕಡೆ ಇಳಿಬಿಟ್ಟು, ಅಂಚಿಗೆ ದಾರ ಕಟ್ಟಿ…”

“ಮೇಡಂ, ಅದು ಶಾಮಿಯಾನ.”

“ಹೂಂ. ಶಾಮಿಯಾನನೇ.”

“ಮೊದಲೇ ಹೇಳೋದಲ್ವಾ,” ಎಂದು ಸಾಹೇಬರು ಕಪ್ಪು ಕೆಳಗಿಟ್ಟರು.

ಕಾದಾಟದ ಕೊಕ್ಕರೆಯನ್ನು ಬಿಟ್ಟು ಮಳೆಗಾಲದ ಕೊಕ್ಕರೆಯನ್ನು ತೋರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಮಂಡಳಿಯವರಿಗೆ ಯಾರು ಹೇಳುವುದು ಎಂಬುದು ತೀರ್ಮಾನವಾಗಲಿಲ್ಲ. ಹಾಗಾಗಿ ಯಾರೂ ಹೇಳಲಿಲ್ಲ.

ಇಳಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಆ ಕಾಲದವರು ಕೀಲು ಹಾಕಿದ್ದರು, ನಾನು ಎಪಾಕ್ಸಿ ಹಾಕಿದ್ದೆ. ನನ್ನ ಅಂಟು ಎಂದೂ ಬಿಟ್ಟುಕೊಂಡಿಲ್ಲ ಎಂದು ಹೆಮ್ಮೆಪಟ್ಟವನಿಗೆ ಈಗ ಅದೇ ಶಾಪವಾಯಿತು. ಬ್ಲೇಡು ಹೋಗಲಿಲ್ಲ. ಗರಗಸ ಹಾಕಿದರೆ ಕೆಳಗಿನ ಕಂಬ ಗಾಯವಾಗುತ್ತಿತ್ತು. ಕೊನೆಗೆ ಸಾಹೇಬರ ಇಸ್ತ್ರಿಪೆಟ್ಟಿಗೆ ಬಂತು. ಕೂಡುಜಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಇಸ್ತ್ರಿಯ ಮೂತಿ ಒತ್ತಿ ಹಿಡಿದು, ಬಿಸಿ ಒಳಗಿಳಿದು ಅಂಟು ಮೆತ್ತಗಾದಾಗ ತಿರುಚಿ ಎಳೆಯುವುದು. ಹಿಂದಿನ ಕಂಬ ಹಾಗೇ ಬಂತು. ಮುಂದಿನದು ಅರ್ಧಕ್ಕೆ ಬಂದು ‘ಟಕ್’ ಎಂದಿತು.

“ಫ್ರೆಂಚರೂ ಇದನ್ನೇ ಮುರಿದಿದ್ದು,” ಎಂದರು ಸಾಹೇಬರು. ಅವರಿಗೆ ಈಗ ಚರಿತ್ರೆ ಪೂರ್ತಿ ಬಾಯಿಪಾಠವಾಗಿತ್ತು.

ಹೊಸ ಮೇಲ್ತುಂಡನ್ನು ಸಾಹೇಬರ ಟೇಪಿನಿಂದ ಅಳೆದು ಮಾಡಿದೆ. ಹೀಗಾಗಿ ಕೊಕ್ಕರೆಯ ಒಂದು ಮೇಲ್ಗಂಬ ಮಾತ್ರ ನಿಜವಾದ ಅಳತೆಯದು, ಉಳಿದ ಮರವೆಲ್ಲ ನನ್ನ ಅಳತೆಯದು. ಎರಡೂ ಮೇಲ್ಗಂಬಗಳನ್ನು ಕೆಳಗಂಬಕ್ಕೆ ಒರಗಿಸಿ ದಾರದಿಂದ ಬಿಗಿದೆ. ಮೂತಿಯ ಕೋಲನ್ನು ಒಳಗೆ ಸರಿಸಿದೆ. ತೋಪುಗಳನ್ನು ನಮ್ಮ ಫೌಂಡ್ರಿಯಲ್ಲೇ ಹಿತ್ತಾಳೆಯಲ್ಲಿ ಎರಕ ಹೊಯ್ಸಿದ್ದೆ. ಇಡೀ ಹಡಗಿನಲ್ಲಿ ಕುಗ್ಗಬೇಕಾದಷ್ಟು ಕುಗ್ಗಿದ ವಸ್ತುಗಳು ಅವು ಮಾತ್ರ. ಒಂದೊಂದರ ಬಾಯಿಗೂ ಬೆಣೆ ಕೆತ್ತಿ ಹಾಕಿದೆ. ಗಾಜಿನ ಮುಂದೆ ಇಡುವ ಹಡಗಿನ ವಿವರದ ಫಲಕದಲ್ಲಿ ಮೇಡಂ ‘ಅಳತೆ’ ಎಂಬ ಕಡೆ ‘ಸುಮಾರಾಗಿ’ ಎಂದು ಸೇರಿಸಿದರು.

ಹಾಯಿಗಳನ್ನು ಏನು ಮಾಡುವುದೆಂದು ಸಾಹೇಬರು ಎರಡು ದಿನ ಯೋಚಿಸಿದರು. ಅಷ್ಟು ಸಣ್ಣ ಹೊಲಿಗೆ ಅವರು ಎಂದೂ ಹಾಕಿರಲಿಲ್ಲ. ಆ ಕಾಲದಲ್ಲೂ ಹಳೆಯ ಹಾಯಿಯನ್ನೇ ಚಪ್ಪರಕ್ಕೆ ಕತ್ತರಿಸುತ್ತಿದ್ದರು ಎಂದು ಮೇಡಂ ಹೇಳಿದ ಮೇಲೆ ಕತ್ತರಿ ತೆಗೆದುಕೊಂಡರು. ದೊಡ್ಡ ಹಾಯಿ ಚಪ್ಪರವಾಯಿತು. ಚಿಂದಿಯಲ್ಲಿ ಅವರು ಜನ ಮಲಗುವ ಜೋಲಿಗಳನ್ನು ಹೊಲಿದು, ಚಪ್ಪರದ ಕೆಳಗೆ ಸಾಲಾಗಿ ತೂಗುಹಾಕಿದರು. ಜೋಲಿ ಬೇಕೆಂದು ಮೇಡಂ ಹೇಳಿದ್ದರು. ಯಾಕೆಂದು ನಾವು ಕೇಳಿರಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಕೊಕ್ಕರೆಯನ್ನು ಲಗೇಜ್ ಆಟೋದಲ್ಲಿ ಹಾಸಿಗೆಯ ಮೇಲೆ ಮಲಗಿಸಿ ಕಾಲೇಜಿಗೆ ತಂದೆವು. ಪೆಟ್ಟಿಗೆಯ ಬಾಗಿಲಿನಿಂದ ಒಳಗೆ ಸರಿಯಿತು. ತಲೆಯ ಮೇಲೆ ಜಾಗ ಉಳಿಯಿತು, ಮೂತಿಯ ಮುಂದೆಯೂ ಉಳಿಯಿತು. ದೈಹಿಕ ಶಿಕ್ಷಣದ ನಿರ್ದೇಶಕರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

“ಯುದ್ಧನೌಕೆ ಅಂದ್ರಿ, ಮದುವೆ ಮನೆ ಇದ್ದಂಗೈತಲ್ರಿ,” ಎಂದರು. “ಊಟದ ಪಂಕ್ತಿ ಎಲ್ಲಿ?”

“ನಾಳೆ ಬರ್ರಿ ಸರ್, ಎಲೆ ಹಾಕಸ್ತೀನಿ,” ಎಂದರು ಮೇಡಂ. ಆದರೆ ಅವರ ಕೈ ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು.

ಮರುದಿನ ಸಮಿತಿಯವರು ಗ್ರಂಥಾಲಯ, ಪ್ರಯೋಗಾಲಯ, ಮಳೆನೀರು ಕೊಯ್ಲಿನ ಗುಂಡಿ ನೋಡಿಕೊಂಡು ಮಧ್ಯಾಹ್ನ ಮೇಲಕ್ಕೆ ಬಂದರು. ನಾನೂ ಸಾಹೇಬರೂ ಕಿಟಕಿಯ ಪಕ್ಕ ನಿಂತಿದ್ದೆವು. ಅಧ್ಯಕ್ಷರು ವಯಸ್ಸಾದ ಪ್ರಾಧ್ಯಾಪಕರು, ಮೆಟ್ಟಿಲು ಹತ್ತಿ ಸ್ವಲ್ಪ ಏದುಸಿರು ಬಿಡುತ್ತಿದ್ದರು. ಗಾಜಿನ ಮುಂದೆ ನಿಂತು, ವಿವರದ ಫಲಕ ಓದಿ, ಹಡಗು ನೋಡಿ, ಮತ್ತೆ ಫಲಕ ಓದಿದರು.

“ಯುದ್ಧಕಾಲದ ನೌಕೆ ಎಂದು ಬರೆದಿದ್ದೀರಿ. ಯುದ್ಧ ಎಲ್ಲಿದೆ?”

ಮಂಡಳಿಯ ಕಾರ್ಯದರ್ಶಿಗಳು ಮೇಡಂ ಕಡೆ ನೋಡಿದರು. ನಿರ್ದೇಶಕರೂ ನೋಡಿದರು.

“ಇದು ಯುದ್ಧನೇ ಸರ್,” ಎಂದರು ಮೇಡಂ. “ಮಳೆಗಾಲದಾಗ ಎರಡು ಕಡೆಯೋರೂ ಹಿಂಗ ಕಾಯ್ತಿದ್ರು. ಈ ಹಡಗಿನಾಗ ತೋಪಿನ ಗುಂಡಿಗೆ ಸತ್ತೋರು ಕೆಲವೇ ಜನ. ಜ್ವರಕ್ಕೆ ಸತ್ತೋರು ಅದಕ್ಕಿಂತ ಭಾಳ. ಅವರು ಹೋಗಿದ್ದು ಸಮುದ್ರದಾಗಲ್ಲ. ಈ ಚಪ್ಪರದ ಕೆಳಗೆ, ಆ ಜೋಲಿಗಳಾಗೆ. ಹೆಚ್ಚಿನೋರು ನಮ್ಮ ಕಡೆ ಕರಾವಳಿಯೋರೇ. ಹಾಯಿ ಬಿಚ್ಚಿ ತೋರಿಸಿದ್ರೆ ಅವರು ಕಾಣಂಗಿಲ್ಲ.”

ನಮಗೂ ಅದನ್ನು ಅವರು ಹೇಳಿರಲಿಲ್ಲ. ಸಾಹೇಬರು ಟೋಪಿ ಸರಿಪಡಿಸಿಕೊಂಡರು.

ಅಧ್ಯಕ್ಷರು ಮೊಣಕಾಲ ಮೇಲೆ ಕೈಯೂರಿ ನಿಧಾನವಾಗಿ ಬಗ್ಗಿ, ಚಪ್ಪರದ ಅಂಚಿನ ಕೆಳಗಿನಿಂದ ಒಳಗೆ ನೋಡಿದರು. ಅವರು ಬಗ್ಗಿದ್ದರಿಂದ ಉಳಿದ ಸದಸ್ಯರೂ ಬಗ್ಗಿದರು. ಕಾರ್ಯದರ್ಶಿಗಳೂ ಬಗ್ಗಿದರು. ನಿರ್ದೇಶಕರು ವ್ಯಾಯಾಮದವರಾದ್ದರಿಂದ ಎಲ್ಲರಿಗಿಂತ ಕೆಳಗೆ ಬಗ್ಗಿದರು.

“ಜೋಲಿ ಹೊಲಿದವರು ಯಾರು?” ಎಂದು ಅಧ್ಯಕ್ಷರು ಎದ್ದ ಮೇಲೆ ಕೇಳಿದರು.

“ನಾನೇ ಸಾಬ್. ಹರಿಹರ,” ಎಂದರು ಸಾಹೇಬರು.

ಅಧ್ಯಕ್ಷರು ತಲೆಯಾಡಿಸಿ, ಮುಂದಿನ ಕೋಣೆ ಯಾವುದು ಎಂದು ಕೇಳಿ, ಹೊರಟರು.

ಸಮಿತಿಯ ವರದಿ ಬಂದ ಮೇಲೆ ಆಡಳಿತ ಮಂಡಳಿಯವರು ಮೇಲಿನ ಮಹಡಿಯ ಆ ಕೋಣೆಯನ್ನು ಇತಿಹಾಸ ವಿಭಾಗಕ್ಕೆ ಖಾಯಂ ಮಾಡಿದರು.